ಪದವಿನ ರಾತ್ರಿ ಹಾಡುವವರು: ಒಂದು ಚಿಮ್ಮಂಡೆಯ ಚರಿತ್ರೆ

1/9

ರಾತ್ರಿ ಒಂಬತ್ತು ಗಂಟೆಗೆ ಕರೆಂಟ್ ಹೋಯ್ತು ಅಂತ ಇಟ್ಟುಕೊಳ್ಳಿ. ಫ್ಯಾನ್ ನಿಂತಿತು, ಟಿವಿ ನಿಂತಿತು, ಪಕ್ಕದ ಮನೆಯ ಮಿಕ್ಸಿ ಕೂಡ ನಿಂತಿತು. ಈಗ ಎಂತ ಕೇಳ್ತದೆ? "ಎಂತ ಇಲ್ಲ, ಸೈಲೆಂಟ್" ಅಂತ ನೀವು ಹೇಳ್ತೀರಿ. ಸುಳ್ಳು ಮಾರಾಯ್ರೆ. ಅಂಗಳದ ಆಚೆ ಕಡೆಯಿಂದ ಒಂದು ಕ್ರಿರ್ರ್... ಕ್ರಿರ್ರ್... ನಡೀತಾನೇ ಇರ್ತದೆ. ಅದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ನಾವು ಅದನ್ನೇ ಮೌನ ಅಂತ ಕರೀಲಿಕ್ಕೆ ಶುರು ಮಾಡಿದ್ದೇವೆ.

ಆ ಹಾಡುಗಾರನ ಹೆಸರು ಚಿಮ್ಮಂಡೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಿಕೆಟ್ ಅಂತಲೇ ಹೇಳೋದು. ಹಾಗಾಗಿ ಗೂಗಲ್‌ನಲ್ಲಿ ಹುಡುಕಿದ್ರೆ ಅರ್ಧ ಕೊಹ್ಲಿ, ಅರ್ಧ ಹುಳ ಬರ್ತದೆ.

ನಮ್ಮಲ್ಲಿ ಇನ್ನೊಂದು ಗಲಿಬಿಲಿ ಉಂಟು. ಕಿರುಚುವ ಹುಳ ಯಾವುದಾದ್ರೂ ಸರಿ, ನಾವು ಜೀರುಂಡೆ ಅಂದುಬಿಡ್ತೇವೆ. ಆದ್ರೆ ಇಲ್ಲಿ ಮೂರು ಬೇರೆ ಬೇರೆ ಪಾರ್ಟಿ ಇದೆ. ಹಗಲು ಮತ್ತು ಮುಸ್ಸಂಜೆ ಮರದ ಕಾಂಡದಲ್ಲಿ ಕೂತು ತಲೆನೋವು ಬರಿಸುವ ಹಾಗೆ ಕೂಗುವುದು ಸಿಕಾಡ. ಅದು ರೆಕ್ಕೆ ಉಜ್ಜುವುದಿಲ್ಲ, ಹೊಟ್ಟೆಯ ಪಕ್ಕದಲ್ಲಿರುವ ಪರೆಯನ್ನು ಟಕಟಕ ಬಗ್ಗಿಸಿ ಶಬ್ದ ಮಾಡ್ತದೆ. ಗಿಡದ ಎಲೆಗಳ ಮಧ್ಯೆ, ತಾನೇ ಒಂದು ಎಲೆ ಅನ್ನುವ ಹಾಗೆ ಕೂತಿರುವುದು ಎಲೆ ಮಿಡತೆ. ನೆಲದಲ್ಲಿ, ಕಲ್ಲಿನ ಸಂದಿಯಲ್ಲಿ, ಹುಲ್ಲಿನ ಬುಡದಲ್ಲಿ ಇರುವ ಕಪ್ಪು ಕಂದು ಬಣ್ಣದ್ದು ಚಿಮ್ಮಂಡೆ.

ಈ ಸರಣಿ ಮುಖ್ಯವಾಗಿ ಆ ಮೂರನೆಯವನ ಬಗ್ಗೆ. ರಾಜರು, ಯುದ್ಧ, ಇಸವಿ ಇರುವ ಚರಿತ್ರೆ ನಾವು ಬೇಕಾದಷ್ಟು ಓದಿದ್ದೇವೆ. ಶಬ್ದಕ್ಕೂ ಒಂದು ಚರಿತ್ರೆ ಉಂಟು. ಅದರಲ್ಲಿ ನಮ್ಮ ವಾಮದಪದವಿನಂಥ ಜಾಗಕ್ಕೆ ಎಂತ ಪಾಲು ಅಂತ ನೋಡುವ. ಸೇವ್ ಮಾಡಿಟ್ಟುಕೊಳ್ಳಿ, ಒಂಬತ್ತು ಭಾಗ ಇದೆ.

2/9

ಮೊದಲು ಜಾಗದ ವಿಷಯ. ನಮ್ಮ ಊರಿನ ಹೆಸರಲ್ಲೇ "ಪದವು" ಇದೆ. ತುಳುನಾಡಿನಲ್ಲಿ ಎಷ್ಟು ಪದವು ಉಂಟು ಅಂತ ಬಸ್ಸಿನ ಬೋರ್ಡ್ ನೋಡಿದ್ರೆ ಸಾಕು. ಪದವು ಅಂದ್ರೆ ಗುಡ್ಡದ ಮೇಲಿನ ಚಪ್ಪಟೆ ಬಯಲು. ಕೆಳಗೆ ಮುರಕಲ್ಲು, ಮೇಲೆ ಸ್ವಲ್ಪವೇ ಮಣ್ಣು, ಅಲ್ಲಲ್ಲಿ ಕುರುಚಲು ಗಿಡ.

ಏಪ್ರಿಲ್‌ನಲ್ಲಿ ಮಧ್ಯಾಹ್ನ ಚಪ್ಪಲಿ ಇಲ್ಲದೆ ಅಲ್ಲಿ ನಿಲ್ಲಿ ನೋಡುವ. ಆಗ ಅದು ನಮ್ಮ ಮರುಭೂಮಿ. ಹುಲ್ಲು ಒಣಗಿ ಹಳದಿ, ಕಲ್ಲು ಕಾದು ಹಂಚಿನ ಹಾಗೆ, ನೀರು ಒಂದು ಹನಿ ಇಲ್ಲ. ಅದೇ ಜಾಗಕ್ಕೆ ಜುಲೈಯಲ್ಲಿ ಹೋದ್ರೆ ಕಲ್ಲಿನ ಗುಂಡಿಗಳಲ್ಲಿ ನೀರು, ಸುತ್ತ ಹಸಿರು ಚಾಪೆ, ಬೆರಳುಗುರಿನಷ್ಟು ದೊಡ್ಡ ಹೂಗಳು. ಒಂದೇ ವರ್ಷದಲ್ಲಿ ಎರಡು ದೇಶ.

ಈ ಕಲ್ಲಿಗೆ ಪ್ರಪಂಚದ ವಿಜ್ಞಾನದಲ್ಲಿ ಒಂದು ಹೆಸರು ಉಂಟು: ಲ್ಯಾಟರೈಟ್. ಆ ಹೆಸರು ಹುಟ್ಟಿದ್ದು ನಮ್ಮ ಕರಾವಳಿಯ ಸಾಲಿನಲ್ಲೇ. ಟಿಪ್ಪು ಸುಲ್ತಾನ್ 1799ರಲ್ಲಿ ಸತ್ತ ಮೇಲೆ, ಹೊಸದಾಗಿ ಸಿಕ್ಕಿದ ಭೂಮಿಯಲ್ಲಿ ಎಂತೆಲ್ಲ ಇದೆ ಅಂತ ಲೆಕ್ಕ ಹಾಕಲಿಕ್ಕೆ ಈಸ್ಟ್ ಇಂಡಿಯಾ ಕಂಪೆನಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿತು. ಅವನು 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸುತ್ತಿದ. ಬಂಟ್ವಾಳ, ಮೂಡುಬಿದಿರೆ, ಕಾರ್ಕಳದ ಕಡೆಯೂ ಬಂದ. ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ನೆಲದಿಂದ ಮೆತ್ತಗೆ ಇರುವಾಗಲೇ ಕತ್ತರಿಸಿ, ಗಾಳಿಗೆ ಗಟ್ಟಿಯಾದ ಮೇಲೆ ಗೋಡೆಗೆ ಇಡುವುದನ್ನು ನೋಡಿ ಬರೆದುಕೊಂಡ. ಲ್ಯಾಟಿನ್‌ನಲ್ಲಿ "ಲೇಟರ್" ಅಂದ್ರೆ ಇಟ್ಟಿಗೆ. ಹಾಗೆ 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂತು.

ಕಂಪೆನಿಗೆ ಬೇಕಾಗಿದ್ದದ್ದು ಎಂತ? ಭತ್ತ, ಮೆಣಸು, ಅಡಿಕೆ, ತೆಂಗು, ತೆರಿಗೆ. ಅಂದ್ರೆ ಭೂಮಿಯ ಬೆಲೆ ಅಂದ್ರೆ ಅದು ಬೆಳೆಯುವ ಬೆಳೆ. ಏನೂ ಬೆಳೆಯದ ಪದವಿಗೆ ಆ ಲೆಕ್ಕದಲ್ಲಿ ಬೆಲೆ ಇಲ್ಲ. ಈ ಮಾತು ನೆನಪಿಡಿ, ಎಂಟನೇ ಭಾಗದಲ್ಲಿ ಪುನಃ ಬರ್ತದೆ.

3/9

ಈಗ ಹಾಡುಗಾರನ ಹತ್ತಿರ ಹೋಗುವ.

ಬಿಸಿ ಒಣ ನೆಲದಲ್ಲಿ ಬದುಕುವ ಹುಳಕ್ಕೆ ದೊಡ್ಡ ಸಮಸ್ಯೆ ಮೈಯ ನೀರು. ಅದಕ್ಕೆ ನೆಲದ ಚಿಮ್ಮಂಡೆ ಹಗಲೆಲ್ಲ ಕಲ್ಲಿನಡಿ, ಮಣ್ಣಿನ ಬಿರುಕು ಅಥವಾ ತಾನೇ ತೋಡಿದ ಬಿಲದಲ್ಲಿ ಇರ್ತದೆ. ಮೇಲೆ ಕಲ್ಲು ಎಷ್ಟು ಕಾದರೂ ಒಳಗೆ ತಂಪು. ಕತ್ತಲಾದ ಮೇಲೆ ಬಾಗಿಲಿಗೆ ಬಂದು ಹಾಡು ಶುರು. ರಾಜಸ್ಥಾನದ ಮರಳಿನಲ್ಲಿ ಬದುಕುವ ಚಿಮ್ಮಂಡೆಯೂ ಇದೇ ಟೈಮ್ ಟೇಬಲ್ ಇಟ್ಟುಕೊಂಡಿದೆ.

ಈ ಕುಟುಂಬದಲ್ಲಿ ಪ್ರಪಂಚದ ಲ್ಯಾಬ್‌ಗಳಿಗೆಲ್ಲ ತುಂಬಾ ಪರಿಚಯ ಇರುವ ಒಬ್ಬ ಇದ್ದಾನೆ, ಗ್ರಿಲ್ಲಸ್ ಬೈಮ್ಯಾಕುಲೇಟಸ್. ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್ 1773ರಲ್ಲಿ ಕೊಟ್ಟ ಹೆಸರು. ಬೈಮ್ಯಾಕುಲೇಟಸ್ ಅಂದ್ರೆ ಎರಡು ಚುಕ್ಕೆಯವ, ರೆಕ್ಕೆಯ ಬುಡದಲ್ಲಿ ಎರಡು ತಿಳಿ ಚುಕ್ಕೆ ಇರ್ತದೆ. ಆಫ್ರಿಕಾ, ಯುರೋಪಿನ ದಕ್ಷಿಣ ಭಾಗ, ಭಾರತ ಸೇರಿ ಏಷ್ಯಾದ ಬಿಸಿ ದೇಶಗಳಲ್ಲಿ ಇದೆ.

ಅವನು ಬಾಯಿಂದ ಹಾಡುವುದಿಲ್ಲ. ಬಲ ರೆಕ್ಕೆಯ ಅಡಿಯಲ್ಲಿ ಗರಗಸದ ಹಾಗೆ ನೂರಕ್ಕಿಂತ ಹೆಚ್ಚು ಸಣ್ಣ ಹಲ್ಲುಗಳ ಸಾಲು ಇದೆ. ಎಡ ರೆಕ್ಕೆಯ ಅಂಚು ಅದಕ್ಕೆ ತಾಗುವ ಉಗುರಿನ ಹಾಗೆ. ರೆಕ್ಕೆ ಎತ್ತಿ, ಮುಚ್ಚುವಾಗ ಅಂಚು ಹಲ್ಲಿನ ಮೇಲೆ ಜಾರ್ತದೆ. ಬಾಚಣಿಗೆಯ ಮೇಲೆ ಉಗುರು ಎಳೆದ ಹಾಗೆ. ರೆಕ್ಕೆಯಲ್ಲೇ ತೆಳು ಪರೆಯ ಒಂದು ಭಾಗ ಇದೆ, ಚೆಂಡೆಯ ಚರ್ಮದ ಹಾಗೆ ಅದು ಕಂಪಿಸಿ ಶಬ್ದವನ್ನು ದೊಡ್ಡದು ಮಾಡ್ತದೆ.

ಲೆಕ್ಕ ನೋಡಿ. ಒಂದು ಹಲ್ಲಿಗೆ ಒಂದು ಕಂಪನ. ಅವನ ಸ್ವರ ಸೆಕೆಂಡಿಗೆ ಸುಮಾರು 4,500ರಿಂದ 5,000 ಕಂಪನ. ನೂರು ಹಲ್ಲು ದಾಟಲಿಕ್ಕೆ ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಅಂಥ ಮೂರು, ನಾಲ್ಕು, ಐದು ಉಜ್ಜುವಿಕೆ ಸೇರಿದ್ರೆ ನಮಗೆ ಕೇಳುವ ಒಂದು "ಕ್ರಿರ್ರ್". ಪಿಯಾನೋದ ಕೊನೆಯ ಕಟ್ಟೆಯ ಸ್ವರ ಸುಮಾರು 4,186 ಕಂಪನ. ಅಂದ್ರೆ ಇಡೀ ಪಿಯಾನೋ ಮುಗಿದ ಮೇಲೆ ಇವನ ಹಾಡು ಶುರು.

ಹಾಡುವುದು ಗಂಡು ಮಾತ್ರ. ಕೇಳುವ ಕಿವಿ ಇಬ್ಬರಿಗೂ ಇದೆ. ಆ ಕಿವಿ ಎಲ್ಲಿ ಅಂತ ಗೊತ್ತುಂಟಾ? ಮುಂದಿನ ಕಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ.

4/9

ಈ ಹಾಡು ಎಷ್ಟು ಹಳೆಯದು?

2012ರಲ್ಲಿ ಚೀನಾದ ಇನ್ನರ್ ಮಂಗೋಲಿಯಾದಲ್ಲಿ ಸಿಕ್ಕಿದ ಒಂದು ಪಳೆಯುಳಿಕೆಯ ಬಗ್ಗೆ ವರದಿ ಬಂತು. ಸುಮಾರು 16.5 ಕೋಟಿ ವರ್ಷ ಹಿಂದಿನ ಎಲೆ ಮಿಡತೆಯ ಸಂಬಂಧಿ. ಹೆಸರು ಆರ್ಕಬಾಯ್ಲಸ್ ಮ್ಯೂಸಿಕಸ್. ರೆಕ್ಕೆಯ ಹಲ್ಲುಗಳು ಕಲ್ಲಿನಲ್ಲಿ ಎಷ್ಟು ಚೆನ್ನಾಗಿ ಉಳಿದಿದ್ದವು ಅಂದ್ರೆ, ವಿಜ್ಞಾನಿಗಳು ಅವನ್ನು ಅಳೆದು ಅದರ ಸ್ವರವನ್ನೇ ಲೆಕ್ಕ ಹಾಕಿದ್ರು: ಸುಮಾರು 6,400 ಕಂಪನ. ಡೈನೋಸಾರ್ ಹೇಗೆ ಕೂಗ್ತಿತ್ತು ಅಂತ ಸಿನಿಮಾದವರು ಊಹೆ ಮಾಡ್ತಾರೆ. ಅದೇ ಕಾಲದ ಹುಳದ ಹಾಡನ್ನು ಲೆಕ್ಕ ಹಾಕಿಯೇ ನುಡಿಸಬಹುದು. ಹಕ್ಕಿಗಳ ಹಾಡು ಈ ಭೂಮಿಗೆ ಬರುವ ಮೊದಲೇ ರಾತ್ರಿಗೆ ಸಂಗೀತ ಇತ್ತು ಅಂತ ಆಯ್ತು.

ಮನುಷ್ಯ ಕಿವಿಗೊಟ್ಟದ್ದು ತುಂಬಾ ತಡವಾಗಿ. ಚೀನಾದಲ್ಲಿ ಚಿಮ್ಮಂಡೆಯನ್ನು ಪಂಜರದಲ್ಲಿಟ್ಟು ಹಾಡು ಕೇಳುವ ಹುಚ್ಚು ಸಾವಿರ ವರ್ಷಕ್ಕಿಂತ ಹಳೆಯದು. ಕಾಳಗ ಕೂಡ ಮಾಡಿಸ್ತಿದ್ರು, ನಮ್ಮ ಕೋಳಿ ಅಂಕದ ಹಾಗೆ. ದಕ್ಷಿಣ ಸಾಂಗ್ ರಾಜ್ಯದ ಮಂತ್ರಿ ಜಿಯಾ ಸಿದಾವೊ (1213-1275) ಇದರ ಬಗ್ಗೆ ಒಂದು ಪುಸ್ತಕವನ್ನೇ ಮಾಡಿದ. ಮಂಗೋಲರು ಬಾಗಿಲಿಗೆ ಬಂದಾಗಲೂ ಇವ ಚಿಮ್ಮಂಡೆ ನೋಡ್ತಿದ್ದ ಅಂತ ಜನ ಇವತ್ತಿಗೂ ಬೈತಾರೆ.

ಆದ್ರೆ ಹೆಣ್ಣು ಯಾಕೆ ಗಂಡಿನ ಹತ್ತಿರ ಹೋಗ್ತದೆ? ಹಾಡು ಕೇಳಿಯಾ, ವಾಸನೆಗಾ, ಕಣ್ಣಿಗೆ ಕಂಡಾ? ಇದನ್ನು ತೋರಿಸಿದವರು ಈಗಿನ ಸ್ಲೊವೇನಿಯಾದವರಾದ ಇವಾನ್ ರೇಗೆನ್. 1913ರಲ್ಲಿ ಅವರು ಒಂದು ಕೋಣೆಯಲ್ಲಿ ಗಂಡನ್ನು ಹಾಡಲು ಬಿಟ್ಟು, ಆ ಹಾಡನ್ನು ಟೆಲಿಫೋನ್ ತಂತಿಯಲ್ಲಿ ಬೇರೆ ಕಡೆ ಇದ್ದ ಹೆಣ್ಣಿಗೆ ಕೇಳಿಸಿದ್ರು. ಹೆಣ್ಣು ಸೀದಾ ನಡೆದುಕೊಂಡು ಫೋನಿನ ರಿಸೀವರ್ ಹತ್ತಿರ ಹೋಯ್ತು. ಗಂಡಿನ ವಾಸನೆ ಇಲ್ಲ, ರೂಪ ಇಲ್ಲ. ಹಾಡು ಒಂದೇ ಸಾಕಾಯ್ತು.

ಆಮೇಲೆ ಬಂದವರು ಇನ್ನೂ ಒಳಗೆ ಹೋದ್ರು. ಹೆಣ್ಣು ನೋಡುವುದು ಮುಖ್ಯವಾಗಿ ತಾಳವನ್ನು. ಒಂದು ಉಜ್ಜುವಿಕೆಗೂ ಮುಂದಿನದಕ್ಕೂ ನಡುವಿನ ಸಮಯ ತನ್ನ ಜಾತಿಯದ್ದೇ ಇರಬೇಕು. ತಾಳ ತಪ್ಪಿದ್ರೆ ಎಷ್ಟು ಜೋರಾಗಿ ಹಾಡಿದ್ರೂ ಅವಳು ತಿರುಗಿ ನೋಡುವುದಿಲ್ಲ. ಯಕ್ಷಗಾನ ನೋಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

5/9

ಬಿಕಾಂನವರೇ, ಈ ಭಾಗ ನಮಗೆ. ಹಾಡು ಅಂದ್ರೆ ಜಾಹೀರಾತು. ಜಾಹೀರಾತಿಗೆ ಖರ್ಚು ಇದ್ದೇ ಇದೆ.

ಮೊದಲ ಖರ್ಚು ಶಕ್ತಿ. ಗಂಟೆಗಟ್ಟಲೆ ರೆಕ್ಕೆ ಆಡಿಸಬೇಕು. ಎರಡನೆಯದು ಇನ್ನೂ ದುಬಾರಿ: ಗಿರಾಕಿ ಮಾತ್ರ ಕೇಳುವುದಲ್ಲ, ಕಳ್ಳನೂ ಕೇಳ್ತಾನೆ.

ಹವಾಯಿಯ ಕವಾಯಿ ದ್ವೀಪದಲ್ಲಿ ಒಂದು ಜಾತಿಯ ನೆಲದ ಚಿಮ್ಮಂಡೆ ಇದೆ. ಅಲ್ಲೇ ಒಂದು ನೊಣವೂ ಇದೆ. ಆ ನೊಣ ಹಾಡನ್ನೇ ಹಿಡಿದು ಬಂದು ಗಂಡಿನ ಮೇಲೆ ಮರಿಹುಳ ಬಿಡ್ತದೆ. ಮರಿಹುಳ ಒಳಗೆ ಹೋಗಿ ಚಿಮ್ಮಂಡೆಯನ್ನು ತಿಂದು ಹೊರಗೆ ಬರ್ತದೆ. ಮಾರ್ಲೀನ್ ಝುಕ್ ಎಂಬ ವಿಜ್ಞಾನಿ ಆ ಚಿಮ್ಮಂಡೆಗಳನ್ನು ವರ್ಷಗಟ್ಟಲೆ ನೋಡ್ತಿದ್ರು. ವರ್ಷ ಹೋದ ಹಾಗೆ ದ್ವೀಪದಲ್ಲಿ ಹಾಡು ಕಡಿಮೆ ಆಗ್ತಾ ಬಂತು, ಹುಳ ನಾಶ ಆಯ್ತು ಅನ್ನುವ ಹಾಗೆ. ಆದ್ರೆ ಹುಲ್ಲಿನಲ್ಲಿ ಹುಡುಕಿದಾಗ ಚಿಮ್ಮಂಡೆ ಬೇಕಾದಷ್ಟು ಇದ್ದವು! 2006ರಲ್ಲಿ ಅವರ ತಂಡ ವರದಿ ಮಾಡಿತು: ಅಲ್ಲಿನ ಗಂಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಈಗ ಹಾಡಲಿಕ್ಕೆ ಬಾರದ, ಹಲ್ಲು ಸವೆದ ಹಾಗಿರುವ ಚಪ್ಪಟೆ ರೆಕ್ಕೆಯವು. ಇಷ್ಟು ಬದಲಾವಣೆಗೆ ಇಪ್ಪತ್ತು ತಲೆಮಾರೂ ಬೇಕಾಗಲಿಲ್ಲ. ಹಾಡುವವ ಸತ್ತ, ಮೂಕ ಉಳಿದ. ಹೆಣ್ಣು ಸಿಗಲಿಕ್ಕೆ ಮೂಕರೆಲ್ಲ ಹಾಡುವ ಒಬ್ಬನ ಹತ್ತಿರ ಹೋಗಿ ಸುಮ್ಮನೆ ನಿಲ್ತಾರೆ.

ಹಾಗಾದ್ರೆ ಸುಮ್ಮನಿರುವುದೇ ಸೇಫ್ ಅಂತ ಅನ್ನಿಸ್ತದೆ ಅಲ್ವಾ? ಇದಕ್ಕೆ ಉತ್ತರ ನಮ್ಮ ಪಕ್ಕದ ಕಾರ್ಕಳದ ಕಡೆಯಿಂದ ಬಂತು. ಹಳೆ ಮನೆಗಳಲ್ಲಿ ನೇತಾಡುವ, ದೊಡ್ಡ ಕಿವಿಯ ಒಂದು ಬಾವಲಿ ನಮ್ಮಲ್ಲಿ ಇದೆ. ಹುಳ ಹಿಡಿದು ತನ್ನ ಜಾಗಕ್ಕೆ ತಂದು ತಿಂದು, ರೆಕ್ಕೆಯನ್ನು ಕೆಳಗೆ ಹಾಕ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ ಆ ರೆಕ್ಕೆಗಳನ್ನು ಹೆಕ್ಕಿ ಲೆಕ್ಕ ಹಾಕಿತು. ಬಾವಲಿಯ ಲೆಡ್ಜರ್ ಅಂತಲೇ ಹೇಳಿ. ಹಾಡುವ ಗಂಡು ಎಲೆ ಮಿಡತೆಯ ರೆಕ್ಕೆ ಹೆಚ್ಚು ಇರಬೇಕಿತ್ತು. ಆದ್ರೆ ಹೆಚ್ಚು ಇದ್ದದ್ದು ಹಾಡದ ಹೆಣ್ಣಿನದು. 2015ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುವುದು ಇಷ್ಟು: ಗಂಡು ಒಂದೇ ಕಡೆ ಕೂತು ಹಾಡಿದ್ರೆ, ಹೆಣ್ಣು ಹಾರಿ ಹಾರಿ ಹೋಗಬೇಕು, ಹಾರುವಾಗಲೇ ಬಾವಲಿ ಹಿಡಿಯುವುದು.

ಅಂದ್ರೆ ಜಾಹೀರಾತಿನ ಖರ್ಚು ಗಂಡಿನ ಖಾತೆಗೆ, ಓಡಾಟದ ಖರ್ಚು ಹೆಣ್ಣಿನ ಖಾತೆಗೆ. ಕೂಗಿದವ ಮಾತ್ರ ಬೆಲೆ ಕೊಡುವುದು ಅಂತ ಇಲ್ಲ.

6/9

ಈಗ ಘಟ್ಟ ಹತ್ತುವ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಕಬ್ಬಿಣದ ಅದಿರು, ಗಣಿ, ಹೋರಾಟ, ಅದೆಲ್ಲ ನಮಗೆ ಗೊತ್ತಿರುವ ಚರಿತ್ರೆ. ಅದೇ ಕಾಡಿನಲ್ಲಿ ಕೆಲವರು ರಾತ್ರಿ ಟಾರ್ಚ್ ಹಿಡಿದು, ಚಿಮ್ಮಂಡೆ ಮತ್ತು ಎಲೆ ಮಿಡತೆಯ ಹಾಡು ಪಟ್ಟಿ ಮಾಡ್ತಿದ್ರು ಅಂತ ಎಷ್ಟು ಜನಕ್ಕೆ ಗೊತ್ತು?

ರೋಹಿಣಿ ಬಾಲಕೃಷ್ಣನ್ ಮತ್ತು ಸ್ವಾತಿ ದಿವಾಕರ್ 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕಾಡಿನ ಒಬ್ಬೊಬ್ಬ ಹಾಡುಗಾರನೂ ಯಾವ ಸ್ವರ, ಯಾವ ತಾಳ, ಯಾವ ಹೊತ್ತು, ನೆಲದಿಂದ ಎಷ್ಟು ಎತ್ತರ ಅಂತ ಬಿಡಿಸಿ ಇಟ್ಟಿದ್ದಾರೆ. ನೆಲದವ ಬೇರೆ, ಪೊದೆಯವ ಬೇರೆ, ಮರದ ತುದಿಯವ ಬೇರೆ. ಒಂದು ಕಟ್ಟಡದ ಬೇರೆ ಬೇರೆ ಮಾಳಿಗೆಯಲ್ಲಿ ಬಾಡಿಗೆಗೆ ಇರುವವರ ಹಾಗೆ.

ಮುಸ್ಸಂಜೆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂಗಿದ್ರೆ ಯಾರಿಗೆ ಯಾರು ಕೇಳುವುದು? 2014ರಲ್ಲಿ ಮಂಜರಿ ಜೈನ್ ಮತ್ತು ಉಳಿದವರು ಇದೇ ಪ್ರಶ್ನೆ ಹಿಡಿದು ಹೋದ್ರು. ನಮ್ಮ ಕಿವಿಗೆ ಗದ್ದಲ. ಆದ್ರೆ ಸ್ವರ ಬೇರೆ, ಕೂರುವ ಜಾಗ ಬೇರೆ, ಹಾಡುವ ಹೊತ್ತು ಬೇರೆ ಅಂತ ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ, ಒಬ್ಬನ ಹಾಡು ಇನ್ನೊಬ್ಬನ ಹಾಡಿನ ಮೇಲೆ ಬೀಳುವುದು ತುಂಬಾ ಕಡಿಮೆ. ಜಾತ್ರೆಯ ಗದ್ದಲದಲ್ಲೂ ಅಮ್ಮ ಕರೆದದ್ದು ಮಗುವಿಗೆ ಕೇಳಿಯೇ ಕೇಳ್ತದೆ.

ಇನ್ನೊಂದು ಮಜಾ ವಿಷಯ. ಮೆಕೊಪೊಡಾ ಎಂಬ ಎಲೆ ಮಿಡತೆ ಇದೆ. ದಕ್ಷಿಣ ಭಾರತದಲ್ಲಿ ನೋಡಲಿಕ್ಕೆ ಒಂದೇ ಥರ ಇರುವ ಇವು ಐದು ಬೇರೆ ಬೇರೆ ಹಾಡು ಹಾಡ್ತವೆ ಅಂತ 2006ರಲ್ಲಿ ತೋರಿಸಿದ್ರು. ಆ ಹಾಡುಗಳಲ್ಲಿ ಒಂದಕ್ಕೆ "ಹೆಲಿಕಾಪ್ಟರ್", ಒಂದಕ್ಕೆ "ಟ್ರೈನ್" ಅಂತ ಹೆಸರು. ಕಣ್ಣಿಗೆ ಒಂದೇ, ಕಿವಿಗೆ ಐದು. ಫೋಟೋ ಹಾಕುವ ಆ್ಯಪ್‌ನಲ್ಲಿ ಕೂತು ಇದನ್ನು ಹೇಳುವಾಗ ನನಗೇ ನಗು ಬರ್ತದೆ. ಫೋಟೋ ಸಾಲದ ಜಾಗವೂ ಇದೆ.

ಕೊನೆಗೆ ಮುಖ್ಯ ಮಾತು. ಅದೇ ತಂಡ ಕಾಡಿನಲ್ಲಿ ಯಾವ ಜಾತಿ ಇದೆ ಅಂತ ತಿಳಿಯಲಿಕ್ಕೆ ತರಬೇತಿ ಪಡೆದ ಮನುಷ್ಯನ ಕಿವಿಯನ್ನೇ ಪರೀಕ್ಷೆಗೆ ಹಾಕಿತು. ಕಿವಿ ನಂಬಬಹುದಾದ ಸಾಧನ ಅಂತ 2007ರಲ್ಲೇ ತೋರಿಸಿತು. ಹುಳ ಹಿಡಿಯುವುದು ಬೇಡ, ಕೊಲ್ಲುವುದು ಬೇಡ. ಕೂತು ಕೇಳಬೇಕು, ಅಷ್ಟೇ. ಆದ್ರೆ ಕೇಳುವುದನ್ನು ಕಲೀಬೇಕು.

7/9

ಸಣ್ಣವನು ಎಂತ ಮಾಡಬೇಕು? ದನಿ ಸಣ್ಣ, ಮೈ ಸಣ್ಣ, ಪಕ್ಕದಲ್ಲಿ ದೊಡ್ಡ ದನಿಯವ ಕೂತು ಹಾಡ್ತಿದ್ದಾನೆ. ಈ ಪ್ರಶ್ನೆ ಚಿಮ್ಮಂಡೆಗೆ ಮಾತ್ರ ಅಲ್ಲ, ಕಾಲೇಜಿನಲ್ಲೂ ಇದೆ, ಹೌದಲ್ವಾ?

ಈಕ್ಯಾಂಥಸ್ ಹೆನ್ರಿಯೈ ಎಂಬ ಗಿಡದ ಚಿಮ್ಮಂಡೆ ಇದೆ. ತಿಳಿ ಹಸಿರು, ಗಾಜಿನಂಥ ರೆಕ್ಕೆ. ಕರ್ನಾಟಕದ ಗಡಿಗೆ ತಾಗಿದ ಆಂಧ್ರದ ಕುಪ್ಪಂ ಕಡೆಯ ಪೊದೆಗಳಲ್ಲಿ ಐಐಎಸ್‌ಸಿಯವರು ಇದನ್ನು ನೋಡಿದ್ರು. ಈ ಸಣ್ಣ ಗಂಡು ಮಾಡುವ ಕೆಲಸ ಕೇಳಿ. ಒಂದು ದೊಡ್ಡ ಎಲೆ ಹುಡುಕ್ತದೆ. ಅದರ ನಡುವೆ ತನ್ನ ರೆಕ್ಕೆಯ ಅಳತೆಗೆ ಸರಿಯಾಗಿ ಒಂದು ತೂತು ಕಚ್ಚಿ ಮಾಡ್ತದೆ. ತಲೆ ಮತ್ತು ರೆಕ್ಕೆಯನ್ನು ಆ ತೂತಿಗೆ ಹೊಂದಿಸಿ ನಿಂತು ಹಾಡ್ತದೆ.

ಯಾಕೆ? ರೆಕ್ಕೆ ಕಂಪಿಸುವಾಗ ಮುಂದೆ ಒಂದು ಅಲೆ, ಹಿಂದೆ ಒಂದು ಅಲೆ ಹುಟ್ಟುತ್ತದೆ. ಸಣ್ಣ ರೆಕ್ಕೆಯಾದ್ರೆ ಅವೆರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಕೊಲ್ತವೆ. ಎಲೆ ನಡುವೆ ಗೋಡೆಯಾಗಿ ನಿಂತ್ರೆ ಅಲೆಗಳು ಸೇರುವುದಿಲ್ಲ, ಶಬ್ದ ದೂರ ಹೋಗ್ತದೆ. ಮನೆಯ ಸ್ಪೀಕರನ್ನು ಬರೀ ಗಾಳಿಯಲ್ಲಿ ಹಿಡಿದ್ರೆ ದನಿ ತೆಳು, ಪೆಟ್ಟಿಗೆಯಲ್ಲಿ ಕೂರಿಸಿದ್ರೆ ದಪ್ಪ. ಅದೇ ಲೆಕ್ಕ. ಇಂಥ ಎಲೆಯ ಉಪಾಯ ದಕ್ಷಿಣ ಆಫ್ರಿಕಾದ ಇನ್ನೊಂದು ಜಾತಿಯಲ್ಲಿ ಇದೆ ಅಂತ 1975ರಲ್ಲೇ ವರದಿಯಾಗಿತ್ತು.

ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ? 2020ರಲ್ಲಿ ರಿತ್ತಿಕ್ ದೇಬ್ ಮತ್ತು ತಂಡ ಉತ್ತರ ಕೊಟ್ಟಿತು. ಎಲೆ ಉಪಯೋಗಿಸುವವರು ಹೆಚ್ಚಾಗಿ ಸಣ್ಣ ಮೈಯವರು, ಸಣ್ಣ ದನಿಯವರು. ಎಲೆ ಸಿಕ್ಕಿದ ಮೇಲೆ ಅವರ ಹಾಡೂ ದೊಡ್ಡವರಷ್ಟೇ ಜೋರು. ಹೆಣ್ಣಿಗೆ ಜೋರಾದ ಹಾಡು ಇಷ್ಟ. ಹಾಗೆ ಹತ್ತಿರ ಬಂದ ಮೇಲೂ ಅವಳು ಈ ಸಣ್ಣವನನ್ನು ಬಿಟ್ಟು ಹೋಗುವುದಿಲ್ಲ.

ಉಪಕರಣ ಮಾಡುವುದು ಮನುಷ್ಯನ, ಮಂಗನ, ಕಾಗೆಯ ಬುದ್ಧಿ ಅಂತ ನಾವು ಓದಿದ್ದು. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಇರುವ ಹುಳ, ಅಳತೆ ಟೇಪ್ ಇಲ್ಲದೆ, ಎಲೆಯಲ್ಲಿ ಸರಿಯಾದ ಜಾಗದಲ್ಲಿ ಸರಿಯಾದ ತೂತು ಮಾಡ್ತದೆ.

8/9

ಎರಡನೇ ಭಾಗದ ಮಾತಿಗೆ ಬರುವ. ಏನೂ ಬೆಳೆಯದ ಭೂಮಿಗೆ ಬೆಲೆ ಇಲ್ಲ ಅನ್ನುವ ಲೆಕ್ಕ ಕಂಪೆನಿಯ ಒಟ್ಟಿಗೆ ಮುಗಿಯಲಿಲ್ಲ. ಇವತ್ತಿಗೂ ಬಂಡೆ ಬಯಲು ಅಂದ್ರೆ ಪಾಳು ಭೂಮಿ. ಪಾಳು ಅಂದ ಮೇಲೆ ಎಂತ ಮಾಡಿದ್ರೂ ಆಗ್ತದೆ: ಕಲ್ಲು ಕೋರೆ, ಸೈಟು, ಕಸ ಹಾಕುವ ಜಾಗ, ರಬ್ಬರ್.

ಮುರಕಲ್ಲಿಲ್ಲದೆ ನಮ್ಮ ಮನೆ ಇಲ್ಲ, ಅದು ಸತ್ಯ. ಕೋರೆಯಲ್ಲಿ ದುಡಿಯುವವರ ಹೊಟ್ಟೆಪಾಡೂ ಸತ್ಯ. ನಾನು ಹೇಳುವುದು ಲೆಕ್ಕದ ಪುಸ್ತಕದ ಬಗ್ಗೆ. ಒಂದು ಆಸ್ತಿಯನ್ನು ಮಾರುವ ಮೊದಲು ಅದರಲ್ಲಿ ಎಂತ ಉಂಟು ಅಂತ ಸ್ಟಾಕ್ ತೆಗೀಬೇಕು. ಪದವಿನ ಸ್ಟಾಕ್ ಯಾರು ತೆಗೆದಿದ್ದಾರೆ?

ತೆಗೆದವರಿಗೆ ಎಂತ ಸಿಕ್ಕಿತು ಅಂತ ಕೇಳಿ. ಮಣಿಪಾಲ ಗೊತ್ತಲ್ವಾ, ಆಸ್ಪತ್ರೆ, ಕಾಲೇಜು, ಅಪಾರ್ಟ್‌ಮೆಂಟ್. ಅಲ್ಲಿನ ಮುರಕಲ್ಲಿನ ಬಯಲಿನಲ್ಲಿ ರಮಿತ್ ಸಿಂಗಲ್ ಎಂಬ ಯುವಕ ಜೀವಿಗಳ ಪಟ್ಟಿ ಮಾಡುವ ಕೆಲಸ ಹಿಡಿದಿದ್ದರು. ಅಲ್ಲಿ ಒಂದು ಸಣ್ಣ ಕಪ್ಪೆ. ಉದ್ದ ಸುಮಾರು 1.6 ಸೆಂಟಿಮೀಟರ್, ತಿಳಿ ಕಂದು ಮೈ, ಮೇಲೆ ಕಪ್ಪು ಗುರುತು. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದವರು ಸೇರಿ ಅದರ ಮೈ ಅಳತೆ, ವಂಶವಾಹಿ, ಕೂಗು ಎಲ್ಲ ನೋಡಿದ್ರು. ವಿಜ್ಞಾನಕ್ಕೆ ಹೊಸ ಜಾತಿ ಅಂತ 2016ರಲ್ಲಿ ಪ್ರಕಟಿಸಿದ್ರು. ಕೊಟ್ಟ ಹೆಸರು: ಮೈಕ್ರೊಹೈಲಾ ಲ್ಯಾಟರೈಟ್. ನಮ್ಮ ಮುರಕಲ್ಲಿನ ಹೆಸರೇ. ಪಾಳು ಅಂತ ಕರೆಸಿಕೊಳ್ಳುವ ಈ ಬಯಲಿನ ಕಡೆ ಜನ ನೋಡಲಿ ಅಂತಲೇ ಆ ಹೆಸರು.

ಇಷ್ಟು ದಿನ ಅದು ಯಾಕೆ ಯಾರ ಲೆಕ್ಕಕ್ಕೂ ಬರಲಿಲ್ಲ? ಸಣ್ಣದು ಅನ್ನುವುದು ಒಂದು ಕಾರಣ ಇರಬಹುದು. ಇನ್ನೊಂದು, ಅದರ ಕೂಗು ಚಿಮ್ಮಂಡೆಯ ಕೂಗಿನ ಹಾಗೆಯೇ ಉಂಟು. ಕೇಳಿದವರಿಗೆ "ಅದೊಂದು ಹುಳ" ಅನ್ನಿಸಿ ಮುಂದೆ ಹೋಗುವುದು ಸುಲಭ.

ಯೋಚನೆ ಮಾಡಿ. ಸಾವಿರಾರು ವಿದ್ಯಾರ್ಥಿಗಳು ಓಡಾಡುವ ಊರಿನ ಮಗ್ಗುಲಲ್ಲಿ, ಪ್ರಪಂಚಕ್ಕೆ ಗೊತ್ತಿಲ್ಲದ ಜೀವ ಪ್ರತಿ ಮಳೆಗಾಲ ಕೂಗ್ತಾ ಇತ್ತು. ಕೇಳಿಸ್ತಾ ಇತ್ತು, ಆದ್ರೆ ಕೇಳಿದವರು ಇರಲಿಲ್ಲ.

9/9

ಹಾಗಾದ್ರೆ ನಾವು ಮಾಡಬೇಕಾದ್ದು ಎಂತ?

ಮೊದಲು ಒಂದು ಕಹಿ ಸತ್ಯ. ವಯಸ್ಸಾದ ಹಾಗೆ ಮನುಷ್ಯನ ಕಿವಿ ಮೊದಲು ಬಿಡುವುದು ಎತ್ತರದ ಸ್ವರಗಳನ್ನು. ಅಜ್ಜನಿಗೆ ನಿಮ್ಮ ಮಾತು ಕೇಳಬಹುದು, ಆದ್ರೆ ಎಷ್ಟೋ ಎಲೆ ಮಿಡತೆಯ ಹಾಡು ಅವರ ಮಟ್ಟಿಗೆ ನಿಂತೇ ಹೋಗಿರ್ತದೆ. ಹದಿನೆಂಟು, ಇಪ್ಪತ್ತರ ಕಿವಿಗೆ ಅವೆಲ್ಲ ಈಗ ಕೇಳ್ತವೆ. ಇಯರ್‌ಫೋನ್ ಫುಲ್ ವಾಲ್ಯೂಮ್ ಇಟ್ಟು ಅದನ್ನು ಬೇಗ ಮುಗಿಸುವುದು ಬೇಡ. ಈ ಸ್ಟಾಕ್ ತೆಗೆಯುವ ಕೆಲಸಕ್ಕೆ ಈಗ ನಮ್ಮ ವಯಸ್ಸಿನವರೇ ಸರಿ.

ಮಾಡುವ ಕ್ರಮ ಹೀಗೆ. ಸಂಜೆ ಏಳರ ಮೇಲೆ ನಿಮ್ಮ ಮನೆ ಹತ್ತಿರದ ಪದವು, ಗದ್ದೆಯ ಹುಣಿ, ಇಲ್ಲದಿದ್ರೆ ಅಂಗಳ. ಒಬ್ಬರೇ ಹೋಗಬೇಡಿ, ಮನೆಯವರಿಗೆ ಹೇಳಿ, ಟಾರ್ಚ್ ಇರಲಿ, ಕಾಲಿಗೆ ಶೂ ಇರಲಿ. ಹಾವಿಗೂ ಅದೇ ಹೊತ್ತು ಆಗಿ ಬರುವುದು. ಹತ್ತು ನಿಮಿಷ ಮಾತಾಡದೆ ಕೂರಿ. ಮೊದಲ ಎರಡು ನಿಮಿಷ ಎಲ್ಲ ಒಂದೇ ಗದ್ದಲ. ಐದನೇ ನಿಮಿಷಕ್ಕೆ ಒಂದು ಎರಡಾಗ್ತದೆ, ಮೂರಾಗ್ತದೆ. ನೆಲದಿಂದ ಯಾವುದು, ಪೊದೆಯಿಂದ ಯಾವುದು, ಮರದಿಂದ ಯಾವುದು ಅಂತ ಬಿಡಿಸಿ. ನಿಲ್ಲಿಸಿ ನಿಲ್ಲಿಸಿ ಹಾಡುವವ ಯಾರು, ಒಂದೇ ಉಸಿರಿಗೆ ಹಾಡುವವ ಯಾರು ಅಂತ ಗುರುತು ಮಾಡಿ. ನಿಮಗೆ ಬೇಕಾದ ಹೆಸರು ಇಡಿ. ಹೆಲಿಕಾಪ್ಟರ್, ಟ್ರೈನ್ ಅಂತ ವಿಜ್ಞಾನಿಗಳೇ ಇಟ್ಟಿದ್ದಾರೆ, ನಮ್ಮದು ಬೇಕಾದ್ರೆ "ಗ್ರೈಂಡರ್" ಇರಲಿ.

ಆಮೇಲೆ ಫೋನಿನ ರೆಕಾರ್ಡರ್‌ನಲ್ಲಿ ಎರಡು ನಿಮಿಷ ಹಿಡಿಯಿರಿ. ವೀಡಿಯೋ ಕಾಲ್‌ನಲ್ಲಿ ಬೇಡ, ಅದು ಹುಳದ ಹಾಡನ್ನು ಗದ್ದಲ ಅಂತ ತಿಳಿದು ಅಳಿಸಿಬಿಡ್ತದೆ! ರೆಕಾರ್ಡಿಂಗ್ ಶುರುವಿನಲ್ಲೇ ನಿಮ್ಮ ದನಿಯಲ್ಲಿ ನಾಲ್ಕು ವಿಷಯ ಹೇಳಿ: ತಾರೀಕು, ಗಂಟೆ, ಜಾಗ, ಮಳೆ ಬಂದಿತ್ತಾ ಇಲ್ವಾ. ಈ ನಾಲ್ಕು ಇಲ್ಲದಿದ್ರೆ ಅದು ಬರೀ ಶಬ್ದ, ಇದ್ದರೆ ದಾಖಲೆ. ಐನ್ಯಾಚುರಲಿಸ್ಟ್ ಎಂಬ ತಾಣ ಶಬ್ದವನ್ನೂ ತೆಗೆದುಕೊಳ್ತದೆ, ಪ್ರಪಂಚದ ಯಾವುದೋ ಮೂಲೆಯಲ್ಲಿರುವ ಗೊತ್ತಿದ್ದವರು ಜಾತಿ ಹೇಳಲೂಬಹುದು.

ಈ ಏಪ್ರಿಲ್‌ನಲ್ಲಿ ಒಂದು, ಜೂನ್‌ನ ಮೊದಲ ಮಳೆ ಬಿದ್ದ ವಾರ ಒಂದು, ಅಕ್ಟೋಬರ್‌ನಲ್ಲಿ ಒಂದು. ಒಂದೇ ಜಾಗ, ಒಂದೇ ಹೊತ್ತು, ಮೂರು ರೆಕಾರ್ಡಿಂಗ್. ಹತ್ತು ಜನ ಹತ್ತು ಪದವಿನಲ್ಲಿ ಮಾಡಿದ್ರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಡುವೆ ಮೂವತ್ತು ದಾಖಲೆ. ಬುಕನನ್ ಭತ್ತ, ಮೆಣಸು ಬರೆದುಕೊಂಡು ಹೋದ ದಾರಿಯಲ್ಲಿ ಇಷ್ಟು ವರ್ಷದ ಮೇಲೆ ರಾತ್ರಿಯ ಲೆಕ್ಕ ಬರೆದ ಹಾಗೆ.

ನಾಳೆ ಆ ಜಾಗಕ್ಕೆ ಜೆಸಿಬಿ ಬಂದಾಗ "ಇಲ್ಲಿ ಎಂತ ಉಂಟು, ಬರೀ ಕಲ್ಲು" ಅಂತ ಯಾರಾದ್ರೂ ಹೇಳಿದ್ರೆ, ಫೋನ್ ತೆಗೆದು ಕೇಳಿಸಲಿಕ್ಕೆ ನಮ್ಮ ಹತ್ತಿರ ಒಂದು ಫೈಲ್ ಇರಬೇಕು. ಅದು ನಿಲ್ಲಿಸ್ತದೋ ಬಿಡ್ತದೋ, ಅಲ್ಲಿ ಯಾರು ಇದ್ದರು ಅಂತಾದರೂ ಬರೆದಿಟ್ಟ ಹಾಗೆ ಆಗ್ತದೆ.

ನಿಮ್ಮ ಊರಿನ ಪದವಿನ ಹೆಸರು ಕಾಮೆಂಟ್ ಮಾಡಿ. ಜೊತೆಗೆ ನಿಮ್ಮ ಮನೆಯಲ್ಲಿ ಈ ಹುಳಕ್ಕೆ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಹವ್ಯಕದಲ್ಲಿ ಎಂತ ಹೇಳ್ತಾರೆ ಅಂತಲೂ ಬರೀರಿ. ಹೆಸರುಗಳ ಪಟ್ಟಿ ಮುಂದಿನ ಪೋಸ್ಟಿನಲ್ಲಿ ಹಾಕ್ತೇನೆ.

#ಪದವಿನರಾತ್ರಿ #ಚಿಮ್ಮಂಡೆ #ವಾಮದಪದವು #ಮುರಕಲ್ಲು #ಕೇಳಿನೋಡಿ